ನೀಲಿ ದುಪ್ಪಟಿಯ ಜೋಲಿ

ದಾದಿಯಮ್ಮನವರಿಗೆ,

ನಾನು ತಂಗಿಯ ಮನೆಗೆ ಹೊರಟೆ. ಊಟ ಮುಚ್ಚಿಟ್ಟಿದ್ದೇನೆ. ಕೂತು ಉಣ್ಣು, ನಿಂತುಕೊಂಡು ಗಬಗಬ ನುಂಗಬೇಡ.

ನನ್ನ ಮೆತ್ತನೆಯ ನೀಲಿ ದುಪ್ಪಟಿಗಾಗಿ ಮನೆಯೆಲ್ಲ ತಡಕಾಡಿದೆ. ಅದರ ಸುದ್ದಿ ಹಿಟ್ಟಿನ ಗಿರಣಿಯಲ್ಲಿ ಸಿಕ್ಕಿತು. ಗುಡ್ಡದ ಕೇರಿಯ ಅಜ್ಜಿ ಎಲ್ಲರೆದುರೇ ಹೇಳಿದಳು: "ಮಕ್ಕಳ ತೂಕ ನೋಡೋ ಆ ತಣ್ಣನೇ ಪ್ಲಾಸ್ಟಿಕ್ ಜೋಲೀಲಿ ಕೂಸು ಕಿರುಚುತ್ತೆ ಅಂತ ನನ್ನ ಮಗಳು ತೂಕಕ್ಕೇ ಹೋಗ್ತಿರ್ಲಿಲ್ಲ ಕಣ್ರೀ. ನಿಮ್ಮ ಸೊಸೆ ನೀಲಿ ಬಟ್ಟೇದು ಹೊಲಿದ ಮೇಲೆ ಹೋದ್ಲು. ಕೂಸು ಸೊರಗ್ತಿರೋದು ಆಗ್ಲೇ ಗೊತ್ತಾಗಿದ್ದು. ನಿಮ್ಮ ಸೊಸೇನೇ ಬೆನ್ನುಬಿದ್ದು ಆಸ್ಪತ್ರೆಗೆ ಸೇರಿಸಿದ್ಲು. ಉಳ್ಕೊಂಡ್ತು."

ನಿನ್ನನ್ನು ಬೈಯಲು ಹೊರಟಿದ್ದವಳು, ನೀನು ನನ್ನ ಸೊಸೆ ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಾ ಗಿರಣಿಯಲ್ಲಿ ಇನ್ನಷ್ಟು ಹೊತ್ತು ನಿಂತೆ.

ಆದರೂ ಕೇಳದೆ ಕತ್ತರಿ ಹಾಕಿದ್ದು ತಪ್ಪೇ. ಕೇಳಿದ್ದರೆ ನಾನು ಕೊಡುತ್ತಿರಲಿಲ್ಲ, ಅದು ಬೇರೆ ಮಾತು.

ನಿನ್ನ ಹೊಲಿಗೆಯ ಚೆಂದ ನನಗೆ ಗೊತ್ತು. ಹಳದಿ ದುಪ್ಪಟಿಯಲ್ಲಿ ಇನ್ನೊಂದು ಜೋಲಿ ಹೊಲಿದು ಬಾಗಿಲಿಗೆ ನೇತುಹಾಕಿದ್ದೇನೆ. ಹಿಟ್ಟಿನ ಚೀಲವಿಟ್ಟು ತೂಗಿ ನೋಡಿದೆ, ಒಂದು ಎಳೆಯೂ ಬಿಡಲಿಲ್ಲ. ನಾಳೆಯಿಂದ ಅದನ್ನು ಒಯ್ಯು, ನೀಲಿಯದನ್ನು ಒಗೆಯಲು ಹಾಕು.

ಹಳದಿಯದು ನಿನ್ನ ಗಂಡನದು. ನಾನೂ ಕೇಳಲಿಲ್ಲ.

ಅತ್ತೆ