ನಿಂಗಮ್ಮನ ಹರಕೆ

ಮಾರ್ಚ್ 3, ಸೋಮವಾರ
ಅಟ್ಟದ ತೆಂಗಿನಕಾಯಿ ಇಳಿಸಿ ಸುಲಿಸಿದ್ದಾಯಿತು. ಸುಲಿಯುವವರಿಗೆ ಎರಡು ಸಲ ಟೀ. ಸಕ್ಕರೆ ಜಾಸ್ತಿಯಾಯಿತಂತೆ. ಹೆಂಡತಿ ನಿಂಗಮ್ಮ ತೀರಿಕೊಂಡು ಇವತ್ತಿಗೆ ನಲವತ್ತೊಂದು ದಿನ.
ಮಗಳು ಕೃತಿಕಾ ಅಮ್ಮನ ಟ್ರಂಕು ತೆಗೆದಳು. ಸೀರೆ ಕೆಳಗೆ ಒಂದು ಕಾರ್ಡ್. ತಿಪಟೂರಿನ ಚರ್ಚಿನದು. ‘ಪ್ರತಿ ತಿಂಗಳು ಮುನ್ನೂರು ರೂಪಾಯಿ ಕೊಡಲು ಒಪ್ಪಿದ್ದೇನೆ.’ ಕೆಳಗೆ ನಿಂಗಮ್ಮನ ಸೈನ್.
ಚರ್ಚಿಗೆ ಹೋಗುತ್ತಿದ್ದುದು ಗೊತ್ತಿತ್ತು. ಎರಡು ವರ್ಷದಿಂದ ಭಾನುವಾರದ ಬಸ್ಸು. ಹೋಗಲಿ ಬಿಡು ಎಂದು ಸುಮ್ಮನಿದ್ದೆ. ದುಡ್ಡು ಕೊಡುತ್ತಿದ್ದುದು ಗೊತ್ತಿರಲಿಲ್ಲ. ತೆಂಗಿನಗರಿ ಸೀಳಿ ಪೊರಕೆ ಮಾರುತ್ತಿದ್ದಳಲ್ಲ, ಆ ದುಡ್ಡೇ ಇರಬೇಕು. ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಸಿಟ್ಟು ಬಂತು. ಯಾರ ಮೇಲೆ, ಗೊತ್ತಾಗಲಿಲ್ಲ.

ಮಾರ್ಚ್ 4
ಅಕ್ಕ ಭೈರಮ್ಮ ಶೆಟ್ಟಿಕೆರೆಯಿಂದ ಬಂದಳು. ಕಾರ್ಡ್ ಓದಿ ಹೇಳಿದೆ.
‘ಹರಕೆ ಕಣ್ಲಾ ಇದು. ಯಾವ್ ದೇವ್ರಾದ್ರೇನು? ಸತ್ತೋರ ಹರಕೆ ಮನೆ ಮೇಲೆ ಉಳೀತದೆ. ತೀರಿಸ್ಬುಡು. ಕೃತಿಕಾ ಮದ್ವೆ ಬೇರೆ ಐತೆ.’
ಹಾಗಾದರೆ ನಿಂಗಮ್ಮ ಏನೋ ಬೇಡಿಕೊಂಡಿರಬೇಕು. ಏನು? ಬೇಡಿದ್ದು ಸಿಕ್ಕಿತೋ? ಸಿಗದಿದ್ದರೆ ಕೊಡುವುದು ಯಾತಕ್ಕೆ... ಸಿಕ್ಕಿದ್ದರೆ ಇನ್ನೆಷ್ಟು ಬಾಕಿ... ತಲೆ ಕೆಟ್ಟು ಮೊಸರು ಗಡಿಗೆಯಾಗಿದೆ.

ಮಾರ್ಚ್ 9, ಭಾನುವಾರ
ಚರ್ಚಿಗೆ ಹೋದೆ. ಚಪ್ಪಲಿ ಎಲ್ಲಿ ಬಿಡಬೇಕು ಎನ್ನುವುದೇ ತಿಳಿಯಲಿಲ್ಲ. ಪಾಸ್ಟರ್ ಹೆಸರು ರವೀಂದ್ರ, ಇನ್ನೂ ಹುಡುಗ. ಎಲ್ಲ ಮುಗಿದ ಮೇಲೆ ಹಿಡಿದು ಕೇಳಿದೆ.
‘ಸ್ವಾಮೀ, ನಮ್ಮನೆಯೋಳು ಏನ್ ಬೇಡ್ಕಂಡಿದ್ಳು? ಎಷ್ಟು ಕೊಟ್ರೆ ತೀರ್ತದೆ? ಒಂದೇ ಸಲ ಕೊಟ್ಬುಡ್ತೀನಿ.’
‘ತೀರ್ಸೋಕೆ ಏನೂ ಇಲ್ಲ ಅಣ್ಣ. ಅವ್ರು ಬೇಡ್ಕೊಂಡು ಕೊಟ್ಟಿದ್ದಲ್ಲ. ದೇವ್ರಿಗೆ ಥ್ಯಾಂಕ್ಸ್ ಹೇಳೋಕೆ ಕೊಡ್ತಿದ್ರು. ಅವ್ರ ಮಾತು ಅವ್ರ ಜೊತೆ ಮುಗೀತು.’
ಐನೂರರ ನೋಟು ಚಾಚಿದೆ. ಬೇಡ ಎಂದರು. ದುಡ್ಡು ಬೇಡ ಎನ್ನುವ ದೇವರ ಮನೆ ಇದೇ ಮೊದಲು ನೋಡಿದ್ದು. ಅವಮಾನವಾಯಿತು.
ಥ್ಯಾಂಕ್ಸ್ ಯಾತಕ್ಕೆ? ನನ್ನ ಮನೆಯಲ್ಲಿ ಅವಳಿಗೆ ಏನು ಸುಖವಿತ್ತು? ಬೆಳಗಾದರೆ ನನ್ನ ಬೈಗುಳ. ಹೊಟ್ಟೆನೋವು ಎಂದಾಗಲೂ ‘ಸುಮ್ಕಿರು’ ಎಂದವನು ನಾನು.

ಮಾರ್ಚ್ 12
ಕೃತಿಕಾಳನ್ನು ಕೇಳಿದೆ. ‘ನಿಮ್ಮಮ್ಮ ಸುಖವಾಗಿದ್ಳೇನೇ?’
ಮೊಬೈಲ್ ಕೆಳಗಿಟ್ಟಳು. ‘ಈಗ ಕೇಳ್ತಿದ್ದೀಯಲ್ಲಪ್ಪ.’
ಅಷ್ಟೇ. ಊಟಕ್ಕೆ ಬಡಿಸಿ ಒಳಗೆ ಹೋದಳು.

ಏಪ್ರಿಲ್ 6, ಭಾನುವಾರ
ಹೋಗಬಾರದು ಎಂದುಕೊಂಡೇ ಹೋದೆ. ಪಾಸ್ಟರ್ ಒಂದು ಕಟ್ಟು ಖಾಲಿ ಕವರ್ ಕೈಗಿಟ್ಟರು. ಕಾಣಿಕೆ ಕವರಿನ ಮೇಲೆ ಕಾರಣ ಬರೆಯುವುದು ಅವರ ರೂಢಿಯಂತೆ. ‘ಅಮ್ಮ ಬರೆದಿದ್ದು. ನಿಮ್ಮತ್ರ ಇರ್ಲಿ’ ಎಂದರು. ಬಸ್ಸಿನಲ್ಲಿ ಬಿಚ್ಚಲು ಧೈರ್ಯ ಸಾಲಲಿಲ್ಲ.

ಅದೇ ದಿನ, ಸಂಜೆ 4
ಇಪ್ಪತ್ತೆರಡು ಕವರ್. ಅವಳದೇ ಕಾಗೆಕಾಲು ಗುಬ್ಬಿಕಾಲು ಅಕ್ಷರ.
‘ಕೃತಿಕಾಗೆ ಕೆಲಸ ಸಿಕ್ಕಿತು.’ ‘ಹಸು ಹೆಣ್ಣುಗರು ಹಾಕಿತು.’ ‘ಮಳೆ ಬಂತು.’ ಮೂರು ಕವರಿನಲ್ಲಿ ‘ಏನೂ ಇಲ್ಲ, ಸುಮ್ಮನೆ.’
ಕಳೆದ ನವೆಂಬರಿನದರಲ್ಲಿ — ‘ಈ ತಿಂಗಳು ಅವರು ಎರಡು ದಿನ ಬೈಯಲಿಲ್ಲ.’
ಅದಕ್ಕೂ ಮುನ್ನೂರು ರೂಪಾಯಿ ಕೊಟ್ಟಿದ್ದಾಳೆ. ಯಾವ ಎರಡು ದಿನ? ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಅತ್ತುಬಿಟ್ಟೆ. ಕೃತಿಕಾ ನೋಡಿದಳು.

ಮೇ 4, ಭಾನುವಾರ, ಬೆಳಿಗ್ಗೆ 7
ಹೋದ ವಾರ ಹೊಸ ಕಾರ್ಡ್ ಕೇಳಿದೆ, ನನ್ನ ಹೆಸರಿಗೆ. ‘ಅವಸರ ಬೇಡ ಅಣ್ಣ. ಯಾಕೆ ಅಂತ ನಿಮಗೆ ಗೊತ್ತಾಗ್ಲಿ’ ಎಂದರು ಪಾಸ್ಟರ್. ಹಠ ಮಾಡಿ ಇಸಿದುಕೊಂಡು ಬಂದೆ.
ಯೇಸುವಿನ ವಿಷಯ ನನಗೆ ಗೊತ್ತಿಲ್ಲ. ಇದು ಹರಕೆಯೋ, ತಪ್ಪುಕಾಣಿಕೆಯೋ, ಅದೂ ಗೊತ್ತಿಲ್ಲ. ಆದರೂ ಪ್ರತಿ ತಿಂಗಳು ಎಂದು ಬರೆದು ಸೈನ್ ಹಾಕಿದೆ. ಕವರಿಗೆ ದುಡ್ಡು ಹಾಕಿದೆ. ಬಸ್ಸಿಗೆ ಇನ್ನು ಅರ್ಧ ಗಂಟೆ. ಕಾರಣ ಎಂದಿರುವ ಗೆರೆ ಒಂದೇ ಬಾಕಿ.
ಬರೆಯುತ್ತಿದ್ದೇನೆ. ‘ನಿಂಗಮ್ಮ ಇಪ್ಪತ್ತೆಂಟು ವರ್ಷ ನನ್ನ ಜೊತೆಗಿದ್ದಳು.’