ಪುಟ್ಟ ಕಳಿಸಿದ ಬಾಟಲಿಗಳು

ಮನೆಯಿಂದ,
ಮಾರ್ಚ್ ಹದಿನಾರು, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಾ,

ಹೇಗಿದ್ದೀಯಪ್ಪಾ? ಸೊಂಟನೋವು ಕಮ್ಮಿ ಆಯ್ತಾ? ನಿನ್ನ ಹೆಂಡತಿಯ ಕೆಮ್ಮು? ನಿನಗೆ ಮೊಮ್ಮಗಳು ಹುಟ್ಟಿದರೂ ನನ್ನ ಬಾಯಿಗೆ ಪುಟ್ಟ ಅಂತಲೇ ಬರೋದು. ಅತ್ತಿಗೆ ಅಂದಮೇಲೆ ಇಷ್ಟಾದರೂ ಅಧಿಕಾರ ಬೇಡವಾ? ನಾನಂತೂ ಗುಂಡುಕಲ್ಲಿನ ಹಾಗಿದ್ದೀನಿ. ನಿಮ್ಮಣ್ಣನ ವಿಷಯ ಬರೆಯೋಕೇ ಕೂತಿದ್ದು.

ನಿನ್ನೆ ನಮ್ಮ ಬೋರ್ಡ್ ಬರೆಯೋ ಅಂಗಡಿಯ ಹಿಂದಿನ ಕೋಣೆ ಗುಡಿಸುವಾಗ ಬಣ್ಣಕ್ಕೆ ಬೆರೆಸೋ ಟರ್ಪಂಟೈನ್ ವಾಸನೆ ಮೂಗಿಗೆ ಬಡೀತು, ಪೊರಕೆ ಹಿಡಿದು ಅಲ್ಲೇ ಕೂತುಬಿಟ್ಟೆ. ನಾನು ಮದುವೆಯಾಗಿ ಬಂದಾಗ ನಿನಗಿನ್ನೂ ಮೀಸೆ ಚಿಗುರುತ್ತಿತ್ತು. ನಿಮ್ಮಣ್ಣ ಬೋರ್ಡಿನ ಮೇಲೆ ಅಕ್ಷರದ ಅಂಚು ಎಳೆಯೋದು, ನೀನು ಒಳಗೆ ಬಣ್ಣ ತುಂಬೋದು. ಸಂಜೆ ಇಬ್ಬರೂ ಕೋಡಂಗಿಗಳ ಹಾಗೆ ಮೈಯೆಲ್ಲ ಬಣ್ಣ ಮಾಡಿಕೊಂಡು ಬಂದರೆ ಸೀಮೆಎಣ್ಣೆ ಬಟ್ಟೆ ಹಿಡಿದು ಬಾಗಿಲಲ್ಲೇ ತಡೀತಿದ್ದೆ. ಊಟ ಮುಗಿಸಿ ಮೂವರೂ ಬೀದಿ ಸುತ್ತೋಕೆ ಹೊರಟರೆ, ಅವರು ಅಂಗಡಿ ಅಂಗಡಿ ಮುಂದೆ ನಿಂತು ಬೇರೆಯವರು ಬರೆದ ಅಕ್ಷರದ ಹುಳುಕು ಹುಡುಕೋರು. ಎಂಥಾ ಕೈ ಅದು! ದಾರ ಹಿಡಿಯದೆ ಗೆರೆ ಎಳೆದರೂ ಕೂದಲೆಳೆಯಷ್ಟು ವಾಲ್ತಿರಲಿಲ್ಲ. ಆ ದಿನಗಳು ಮತ್ತೆ ಬೇಕು ಅನಿಸುತ್ತೆ ಪುಟ್ಟಾ, ಸುಳ್ಳು ಯಾಕೆ ಹೇಳಲಿ.

ಕಾಯಿಲೆಯ ಸುಳಿವು ಕೊಟ್ಟಿದ್ದೂ ಆ ಕೈಯೇ. ಬೇಕರಿಯ ಬೋರ್ಡಿನಲ್ಲಿ ಮೊದಲಕ್ಷರ ಕುಂಬಳಕಾಯಿಯಷ್ಟು, ಕೊನೆಯದು ಕಡಲೆಕಾಳಿನಷ್ಟು. ಬಣ್ಣ ತೀರಿಹೋಯ್ತಾ ಅಂತ ಬೇಕರಿಯವರು ನಕ್ಕರು. ತೋರಿಸೋಕೆ ಹೋದಾಗ ಡಾಕ್ಟರಮ್ಮ ನಗಲಿಲ್ಲ, ಅಕ್ಷರ ಸಣ್ಣಗಾಗೋದೂ ಪಾರ್ಕಿನ್ಸನ್ ಕಾಯಿಲೆಯ ಒಂದು ಲಕ್ಷಣ ಅಂದರು. ಅವರ ಮಾತ್ರೆಯಿಂದ ಕೈ ಎಷ್ಟೋ ಹಿಡಿತಕ್ಕೆ ಬಂದಿತ್ತು, ನಿಮ್ಮಣ್ಣ ಅಂಗಿ ಗುಂಡಿ ತಾವೇ ಹಾಕಿಕೊಳ್ಳೋರು. ಅಷ್ಟರಲ್ಲಿ ನಿನ್ನ ಬಾಟಲಿಗಳು ಬಂದವು, ಒಂದು ವಿಟಮಿನ್ ಇ, ಇನ್ನೊಂದು ನಾಲಿಗೆ ಹೊರಳದ ಹೆಸರಿನದು. ಮಿದುಳಿಗೆ ಒಂಥರಾ ತುಕ್ಕು ಹಿಡಿಯುತ್ತೆ, ಈ ಆಂಟಿಆಕ್ಸಿಡೆಂಟ್ ಅದನ್ನ ತಡೆಯುತ್ತೆ ಅಂತ ನೀನು ಫೋನಲ್ಲಿ ಹೇಳಿದೆ ನೋಡು, ತುಕ್ಕು ಅನ್ನೋ ಮಾತು ಕಿವಿಗೆ ಬಿದ್ದದ್ದೇ ತಡ, ಅವರ ಕಣ್ಣು ಅರಳಿತು. ಬೋರ್ಡಿನ ತಗಡಿಗೆ ತುಕ್ಕು ಹಿಡಿಯದಿರಲಿ ಅಂತ ಜೀವಮಾನವೆಲ್ಲ ಮೊದಲು ಪ್ರೈಮರ್ ಬಳಿದವರಲ್ಲವಾ? ಪ್ರೈಮರ್ ಒಣಗೋ ಮುಂಚೆ ಬಣ್ಣ ಹಚ್ಚಿದರೆ ಸುಲಿದು ಬರುತ್ತೆ ಅನ್ನೋ ಲೆಕ್ಕದಲ್ಲಿ, ನಿನ್ನ ಕ್ಯಾಪ್ಸೂಲ್ ಮೈಗೆ ಹಿಡಿಯೋ ತನಕ ಅಂತ ಡಾಕ್ಟರಮ್ಮನ ಮಾತ್ರೆಯನ್ನೇ ನಿಲ್ಲಿಸಿಬಿಟ್ಟಿದ್ದಾರೆ! ನನಗೆ ಗೊತ್ತಾಗಿದ್ದು ಮೊನ್ನೆ, ಬಚ್ಚಲ ಬಾಗಿಲಲ್ಲಿ ಕಾಲು ಕಿತ್ತಿಡಲಾಗದೆ ನಿಂತೇಬಿಟ್ಟಾಗ. ನನ್ನ ಜೀವ ಬಾಯಿಗೆ ಬಂತು.

ಡಾಕ್ಟರಮ್ಮನ ಹತ್ತಿರ ಓಡಿದೆವು. ಮಾತ್ರೆ ತಟ್ಟನೆ ನಿಲ್ಲಿಸೋದು ಅಪಾಯ, ಇವತ್ತಿಂದಲೇ ಶುರುಮಾಡಿ ಅಂದರು. ನಿನ್ನ ಬಾಟಲಿಗಳನ್ನೂ ತಿರುಗಿಸಿ ನೋಡಿದರು. ಇಲಿಗಳಲ್ಲಿ, ಲ್ಯಾಬಿನಲ್ಲಿ ಇವು ಆಸೆ ಹುಟ್ಟಿಸಿದ್ದು ನಿಜವಂತೆ. ಆದರೆ ನೂರಾರು ರೋಗಿಗಳಲ್ಲಿ ಕೆಲವರಿಗೆ ಇದನ್ನ, ಉಳಿದವರಿಗೆ ಏನೂ ಇಲ್ಲದ ಮಾತ್ರೆ ಕೊಟ್ಟು ನೋಡಿದಾಗ, ಕಾಯಿಲೆ ಎರಡೂ ಕಡೆ ಒಂದೇ ಥರ ಮುಂದುವರೀತಂತೆ. ಇವೆರಡೂ ಕಾಯಿಲೆಯನ್ನ ತಡೆಯುತ್ತವೆ ಅನ್ನೋಕೆ ಆಧಾರವಿಲ್ಲ ಅಂದರು. ನಿನ್ನನ್ನ ಬೈಯಲಿಲ್ಲ ಮಾರಾಯ, ಪ್ರೀತಿ ಇರೋರೇ ಇಂಥದ್ದೆಲ್ಲ ಕಳಿಸೋದು ಅಂದರು. ನಿಮ್ಮಣ್ಣ ಎಲ್ಲಕ್ಕೂ ಹೂಂ ಅಂತ ತಲೆಯಾಡಿಸಿ, ಮನೆಗೆ ಬಂದು ಮತ್ತೆ ನಿನ್ನ ಬಾಟಲಿಗೇ ಕೈ ಹಾಕಿದರು. ನಾನು ಬೇಡಿಕೊಂಡೆ, ರೇಗಿದೆ, ಅತ್ತೂ ಬಿಟ್ಟೆ. ಹೆಂಡತಿ ಮಾತು ಕಾಲ ಕಸ, ತಮ್ಮ ಹೇಳಿದ್ದೇ ಕೊನೆ. ನಮ್ಮ ಮನೆ ಫೋನ್ ಇರೋದು ಅವರ ತಲೆದಿಂಬಿನ ಪಕ್ಕ, ನಾನು ಪಿಸುಗುಟ್ಟಿದರೂ ಕೇಳಿಸುತ್ತೆ, ಅದಕ್ಕೇ ಈ ಕಾಗದ ಕೊರಿಯರಿನಲ್ಲಿ ಕಳಿಸ್ತಿದ್ದೀನಿ. ಕೈಸೇರಿದ ಕೂಡಲೇ ಫೋನ್ ಮಾಡಿ, ಮಾತ್ರೆ ತಗೋ ಅಂತ ಗದರಿಸು. ಇದೊಂದು ಉಪಕಾರ ಮಾಡು.

ನಿನ್ನ ಹೆಂಡತಿಗೆ ಬಿಸಿನೀರು ಕುಡಿಯೋಕೆ ಹೇಳು, ಮೊಮ್ಮಗಳಿಗೆ ನನ್ನದೊಂದು ಮುತ್ತು ಕೊಡು. ಎಲ್ಲರೂ ತಣ್ಣಗಿರಿ.

ನಿನ್ನ,
ಅತ್ತಿಗೆ

ತಾ.ಕ.: ಕವರ್ ಅಂಟಿಸೋಕೆ ಹೊರಟಿದ್ದೆ, ನಾನು ಬರೀತಿದ್ದಾಗ ಅವರು ಯಾವಾಗ ಬಂದು ಬೆನ್ನ ಹಿಂದೆ ನಿಂತಿದ್ದರೋ, ಎಲ್ಲಾ ಓದಿಬಿಟ್ಟಿದ್ದಾರೆ. ಕೂಗಾಡ್ತಾರೆ ಅಂದುಕೊಂಡೆ. ಇಲ್ಲ, ಕೂತು ಡಾಕ್ಟರಮ್ಮನ ಮಾತ್ರೆ ನುಂಗಿದರು. ಆಮೇಲೆ ಅಂದರು, "ಇದನ್ನ ದಿನಾ ತಗೋತೀನಿ. ಬಾಟಲಿ ಬೇಡ ಅಂತ ಮಾತ್ರ ಅವನಿಗೆ ಬರೀಬೇಡ ಕಣೇ. ಅದು ಬರೋಕೆ ಮುಂಚೆ ಅವನ ಫೋನ್ ಎಷ್ಟು ಸಲ ಬಂದಿತ್ತು ಹೇಳು? ಈಗ ಕ್ಯಾಪ್ಸೂಲ್ ತಗೊಂಡೆಯಾ ಅಣ್ಣಾ ಅಂತ ವಾರ ವಾರ ಕೇಳ್ತಾನೆ." ಆದರೂ ಬರೀತಿದ್ದೀನಿ. ಬಾಟಲಿ ಕಳಿಸಬೇಡ ಪುಟ್ಟಾ. ಏನೂ ವಿಷಯ ಇಲ್ಲದಿದ್ದರೂ ಫೋನ್ ಮಾಡು.