ಅಮ್ಮನ ನಿದ್ದೆಗೆ ಬಿಟ್ಟ ಜಾಗ

ಅಮ್ಮಾ,

ನಾವು ಚೆನ್ನಾಗಿದ್ದೇವೆ. ಪುಟ್ಟಿಗೆ ಕೆಳಗಡೆ ಒಂದು ಹಲ್ಲು ಮೂಡಿದೆ. ಕೆಲಸದ ಮೇಲೆ ಪರವೂರಿಗೆ ಹೋದ ಅವಳಪ್ಪ ಇನ್ನೂ ಬಂದಿಲ್ಲ.

ಕಂಪ್ಯೂಟರ್ ಕ್ಲಾಸು ಬಿಟ್ಟಿಲ್ಲ, ಮೊದಲ ಪ್ರೋಗ್ರಾಮ್ ಬರೆದೆ. 'ಮಗು ಇಷ್ಟು ಗಂಟೆ ಮಲಗಿತು, ಅಮ್ಮ ಇಷ್ಟು ಗಂಟೆ ಮಲಗಿದಳು' ಎಂದು ಪರದೆಯ ಮೇಲೆ ಬರಬೇಕು, ಅಷ್ಟೇ. ಅಂಕಿ ಬರುವ ಕಡೆ ಪ್ಲೇಸ್‌ಹೋಲ್ಡರ್ ಎಂದು ಖಾಲಿ ಜಾಗ ಬಿಟ್ಟು, ಸಾಲಿನ ಕೊನೆಗೆ ಅಂಕಿಗಳನ್ನು ಕೊಡಬೇಕು. ನಾನು ಎರಡು ಜಾಗ ಬಿಟ್ಟು ಮಗುವಿನದೊಂದನ್ನೇ ಕೊಟ್ಟಿದ್ದೆ. ಪ್ರೋಗ್ರಾಮ್ ಅಲ್ಲೇ ನಿಂತು ಕೆಂಪಕ್ಷರದಲ್ಲಿ ಬೈಯಿತು. ಎರಡೂ ಕಡೆ ಮಗುವಿನ ಅಂಕಿಯನ್ನೇ ಹಾಕಿದೆ, ಸರಿಹೋಯಿತು. ಟೀಚರಿಗೆ ಕಳಿಸಿದೆ.

ಅವರು ಫೋನಿನಲ್ಲಿ ನಕ್ಕರು. "ಏನಮ್ಮಾ, ಹಲ್ಲು ಬರ್ತಿರೋ ಮಗು ಇಟ್ಕೊಂಡು ನೀವೂ ಅಷ್ಟೇ ಹೊತ್ತು ಗೊರಕೆ ಹೊಡೀತೀರಾ? ಮೂರು ಮಕ್ಕಳನ್ನ ಸಾಕಿದೀನಿ, ನನ್ ಹತ್ರ ಬೇಡ. ನಿಜವಾದ್ದು ಹಾಕಿ."

"ನಿಜ ಅಂದ್ರೆ ಸೊನ್ನೆ ಹಾಕ್ಬೇಕು ಮೇಡಂ" ಎಂದೆ.

ಅವರ ನಗು ನಿಂತಿತು. ಆಮೇಲೆ, "ನಿಮ್ಮ ತಾಯಿಗೆ ಹೇಳಿದೀರಾ?" ಎಂದು ಕೇಳಿದರು.

ಫೋನಿನಲ್ಲಿ ಹೇಳಲು ಹೋದರೆ ಅಳು ಬರುತ್ತದೆ, ಅದಕ್ಕೇ ಈ ಪತ್ರ. ನಿನ್ನೆ ಪುಟ್ಟಿಯ ಹಾಲಿನ ಬಾಟಲಿಯನ್ನು ನೀರಲ್ಲಿ ಕುದಿಯಲು ಇಟ್ಟು ಕೂತಲ್ಲೇ ಕಣ್ಣು ಮುಚ್ಚಿಬಿಟ್ಟೆ. ನೀರೆಲ್ಲ ಇಂಗಿ ಪಾತ್ರೆ ಸೀದುಹೋಯಿತು. ಪುಟ್ಟಿಗೆ ಏನೂ ಆಗಿಲ್ಲ, ಗಾಬರಿಯಾಗಬೇಡ. ಕಿಟಕಿ ತೆಗೆದಿದ್ದೆ, ವಾಸನೆಯೂ ಹೋಗಿದೆ.

ನಿನಗೆ ಮಂಡಿನೋವು, ಇಲ್ಲಿ ಮೆಟ್ಟಿಲು ಹತ್ತಬೇಕು, ಗೊತ್ತು. ಆದರೂ ಒಂದು ವಾರ ಬಾ. ಏನೂ ತರಬೇಡ. ನೀನು ಅವಳನ್ನು ಎತ್ತಿಕೊಂಡು ಕೂತರೆ ಸಾಕು, ಆ ಎರಡನೇ ಜಾಗಕ್ಕೆ ನಾನೊಂದು ಅಂಕಿ ಮಾಡಿಕೊಳ್ಳುತ್ತೇನೆ.

ದಾರಿ ನೋಡುತ್ತಿರುವ,
ನಿನ್ನ ಮಗಳು